ಮಧ್ಯಾಹ್ನದ ಯೂನಿಟ್, ಮುಸ್ಸಂಜೆಯ ಯೂನಿಟ್

ನಮ್ಮ ಕಡೆ ಕರೆಂಟು ಪೂರೈಸುವ ಮೆಸ್ಕಾಂನವರು ತಿಂಗಳಿಗೊಮ್ಮೆ ಕೊಟ್ಟು ಹೋಗುವ ಬಿಲ್ಲಿನಲ್ಲಿ ಹಿಂದಿನ ತಿಂಗಳ ರೀಡಿಂಗ್ ಇರುತ್ತದೆ, ಈ ತಿಂಗಳ ರೀಡಿಂಗ್ ಇರುತ್ತದೆ, ಒಂದರಿಂದ ಇನ್ನೊಂದನ್ನು ಕಳೆದ ಯೂನಿಟ್ ಲೆಕ್ಕವೂ ಇರುತ್ತದೆ. ಆ ಯೂನಿಟ್‌ಗಳನ್ನು ಯಾವ ಹೊತ್ತಿನಲ್ಲಿ ಬಳಸಿದ್ದು ಎಂಬುದು ಮಾತ್ರ ಇರುವುದಿಲ್ಲ. ಕದ್ರಿಯ ಯಾವುದೋ ಫ್ಲ್ಯಾಟಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ತಿರುಗಿದ ವಾಷಿಂಗ್ ಮೆಷಿನ್ನೂ ಸಂಜೆ ಏಳೂವರೆಗೆ ಹಾಕಿದ ಎ.ಸಿ.ಯೂ ಆ ಬಿಲ್ಲಿನ ಕಣ್ಣಿಗೆ ಒಂದೇ. ಕರೆಂಟು ಎಂದರೆ ಅಣೆಕಟ್ಟಿನ ನೀರು ಮತ್ತು ಕಲ್ಲಿದ್ದಲು ಎಂದಷ್ಟೇ ಇದ್ದ ಕಾಲದಲ್ಲಿ ಇದು ದೊಡ್ಡ ತಪ್ಪಾಗಿರಲಿಲ್ಲ. ಈಗ ಹಾಗೆ ಹೇಳುವಂತಿಲ್ಲ. 2025ರ ಮೇ ತಿಂಗಳ ಕೊನೆಯ ಭಾನುವಾರ ಹಗಲಿನ ಕೆಲವು ಗಂಟೆಗಳಲ್ಲಿ ದೇಶದ ಸಗಟು ವಿದ್ಯುತ್ ಮಾರುಕಟ್ಟೆಯ ತಕ್ಷಣದ ವ್ಯಾಪಾರದಲ್ಲಿ ಯೂನಿಟ್ಟಿನ ಬೆಲೆ ಸೊನ್ನೆಯ ಹತ್ತಿರಕ್ಕೆ ಇಳಿದಿತ್ತು. ಸೆಕೆ ಜೋರಾಗಿರುವ ಸಂಜೆಗಳಲ್ಲಿ ಅದೇ ಮಾರುಕಟ್ಟೆ ನಿಯಂತ್ರಣ ಆಯೋಗ ಹಾಕಿದ 10 ರೂಪಾಯಿಯ ಗರಿಷ್ಠ ಮಿತಿಗೆ ತಾಗಿ ನಿಲ್ಲುವುದೂ ಉಂಟು. ಹೀಗೆ ಹಗಲು ಮತ್ತು ಸಂಜೆಯ ಕರೆಂಟು ಎರಡು ಬೇರೆ ಸರಕುಗಳಾಗಿಬಿಟ್ಟಿವೆ. ನಮ್ಮ ಬಿಲ್ಲು, ನಮ್ಮ ಸಬ್ಸಿಡಿ, ನಮ್ಮ ಒಪ್ಪಂದಗಳು ಮತ್ತು ಬಹುಮಟ್ಟಿಗೆ ನಮ್ಮ ಜಗಳಗಳು ಕೂಡ ಇನ್ನೂ ಅವನ್ನು ಒಂದೇ ಸರಕೆಂದು ನೋಡುತ್ತಿವೆ. ಕರಾವಳಿಯಲ್ಲಿ ನಿಂತು ನೋಡಿದರೆ ಈ ಹೊಂದಿಕೆಯಿಲ್ಲದ ಸ್ಥಿತಿ ಬೇರೆಲ್ಲಿಗಿಂತ ಸ್ಪಷ್ಟವಾಗಿ ಕಾಣುತ್ತದೆ. ಏಕೆಂದರೆ ಆಮದು ಕಲ್ಲಿದ್ದಲಿನ ಸ್ಥಾವರ, ಮಲೆಯ ಜಲವಿದ್ಯುತ್ತು, ತೋಟದ ಮೇಲೆ ಹಾಯುವ ತಂತಿ, ನಾಲ್ಕು ತಿಂಗಳು ಬಿಸಿಲೇ ಕಾಣದ ಮಾಡು ಎಲ್ಲವೂ ಇಲ್ಲಿ ಒಂದೇ ಕಡೆ ಇವೆ.

ಹೊತ್ತಿಗೊಂದು ಬೆಲೆ ಎಂಬ ಮಾತು ನಮಗೆ ಹೊಸದಲ್ಲ. ಮಂಗಳೂರಿನ ದಕ್ಕೆಯಲ್ಲಾಗಲಿ ಮಲ್ಪೆಯಲ್ಲಾಗಲಿ ಬೆಳಗ್ಗಿನ ಮೀನಿನ ಏಲಂ ನೋಡಿದವರಿಗೆ ಅದು ಗೊತ್ತು. ಒಂದೇ ದಿನ ಎಲ್ಲ ದೋಣಿಗಳಿಗೂ ಬಂಗುಡೆ ಸಿಕ್ಕಿದರೆ ದರ ಕುಸಿಯುತ್ತದೆ. ದೋಣಿ ಬಾರದ ದಿನ ಅದೇ ಬಂಗುಡೆ ಕೈಗೆ ಸಿಗುವುದಿಲ್ಲ. ಮೀನಿಗಾದರೆ ಐಸ್ ಇದೆ, ಒಂದೆರಡು ದಿನ ತಡೆದುಕೊಳ್ಳಬಹುದು. ವಿದ್ಯುತ್ತಿಗೆ ಐಸ್ ಇಲ್ಲ. ಯಾವ ಕ್ಷಣದಲ್ಲಿ ಉತ್ಪಾದನೆಯೋ ಅದೇ ಕ್ಷಣದಲ್ಲಿ ಬಳಕೆ. ಎರಡರಲ್ಲಿ ಒಂದು ಹೆಚ್ಚುಕಡಿಮೆಯಾದರೂ ಗ್ರಿಡ್ಡಿನ ಆವರ್ತನ 50 ಹರ್ಟ್ಸ್‌ನಿಂದ ಕದಲುತ್ತದೆ, ತೀರಾ ಕದಲಿದರೆ 2012ರ ಜುಲೈ 30 ಮತ್ತು 31ರಂದು ಉತ್ತರ ಮತ್ತು ಪೂರ್ವ ಭಾರತದಲ್ಲಿ ಆದಂತೆ ಅರ್ಧ ದೇಶವೇ ಕತ್ತಲಾಗುತ್ತದೆ. ಆಗ ದಕ್ಷಿಣದ ಗ್ರಿಡ್ ಬೇರೆಯಾಗಿದ್ದುದರಿಂದ ನಮಗೆ ಅದರ ಬಿಸಿ ತಟ್ಟಲಿಲ್ಲ. ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕಿಲೋವೋಲ್ಟ್ ತಂತಿಯ ಮೂಲಕ 2013ರ ಡಿಸೆಂಬರ್ 31ರಂದು ದಕ್ಷಿಣವೂ ಉಳಿದ ದೇಶದೊಂದಿಗೆ ಒಂದೇ ಲಯಕ್ಕೆ ಸೇರಿತು. ರಾಜಸ್ಥಾನದ ಬಿಸಿಲು ಮಂಗಳೂರಿನ ಬೆಲೆಯನ್ನು ಮುಟ್ಟುವುದಕ್ಕೆ ದಾರಿಯಾದದ್ದು ಅಂದಿನಿಂದ.

ಸಗಟು ಮಾರುಕಟ್ಟೆಯ ಏಲಂ ದಕ್ಕೆಯ ಏಲಂಗಿಂತ ಒಂದು ವಿಷಯದಲ್ಲಿ ಭಿನ್ನ. 2008ರ ಜೂನ್‌ನಲ್ಲಿ ಆರಂಭವಾದ ಇಂಡಿಯನ್ ಎನರ್ಜಿ ಎಕ್ಸ್‌ಚೇಂಜ್ ಎಂಬ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ನಾಳಿನ ದಿನವನ್ನು ಹದಿನೈದು ನಿಮಿಷದ 96 ತುಂಡುಗಳನ್ನಾಗಿ ಮಾಡಿ ಒಂದೊಂದಕ್ಕೂ ಬೇರೆ ಬೇರೆಯಾಗಿ ಬೆಲೆ ಗೊತ್ತುಮಾಡುತ್ತಾರೆ. ಮಾರುವವರೆಲ್ಲ ತಮ್ಮ ಕನಿಷ್ಠ ದರ ಹೇಳುತ್ತಾರೆ, ಕೊಳ್ಳುವವರು ತಾವು ಕೊಡಬಲ್ಲ ಗರಿಷ್ಠ ದರ ಹೇಳುತ್ತಾರೆ. ಅಗ್ಗದವರಿಂದ ಹಿಡಿದು ಬೇಡಿಕೆ ಮುಗಿಯುವವರೆಗೆ ಒಬ್ಬೊಬ್ಬರನ್ನೇ ಸೇರಿಸುತ್ತಾ ಹೋಗಿ, ಕೊನೆಗೆ ಸೇರಿದವನ ದರವನ್ನೇ ಎಲ್ಲರಿಗೂ ಕೊಡುತ್ತಾರೆ. ದಕ್ಕೆಯಲ್ಲಿ ಪ್ರತಿ ಬುಟ್ಟಿಗೂ ಅದರದೇ ದರ. ಇಲ್ಲಿ ಕೊನೆಯ ಬುಟ್ಟಿಯ ದರವೇ ಎಲ್ಲ ಬುಟ್ಟಿಗೂ. ಇಂಧನಕ್ಕೆ ದುಡ್ಡು ಕೊಡಬೇಕಿಲ್ಲದ ಸೌರ ಸ್ಥಾವರ ಸೊನ್ನೆ ಹೇಳಿದರೂ ಅದಕ್ಕೆ ಸಿಗುವುದು ಆ ಹೊತ್ತಿನ ಕೊನೆಯ ಕಲ್ಲಿದ್ದಲು ಘಟಕದ ದರ. ಆದರೆ ಸೌರ ಹೆಚ್ಚುತ್ತಾ ಹೋದಂತೆ ನಡು ಮಧ್ಯಾಹ್ನದಲ್ಲಿ ಆ ಕೊನೆಯ ಸ್ಥಾನಕ್ಕೂ ಸೌರವೇ ಬಂದು ನಿಲ್ಲುತ್ತದೆ, ಆಗ ಎಲ್ಲರಿಗೂ ಸಿಗುವುದು ಬಿಡಿಗಾಸು. ಸೌರ ಸ್ಥಾವರಗಳು ತಮ್ಮ ಬೆಲೆಯನ್ನು ತಾವೇ ಇಳಿಸಿಕೊಳ್ಳುತ್ತವೆ ಎಂದು ಅರ್ಥಶಾಸ್ತ್ರಜ್ಞರು ಹೇಳುವುದು ಇದನ್ನೇ. ಸೂರ್ಯ ಮುಳುಗಿದ ಮೇಲೆ ಕೊನೆಯ ಸ್ಥಾನ ಮತ್ತೆ ಅತಿ ದುಬಾರಿ ಘಟಕದ್ದು. ಉಕ್ರೇನ್ ಯುದ್ಧದ ವರ್ಷದಲ್ಲಿ ಬೆಲೆ ಕೈಮೀರಿದಾಗ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ 20 ರೂಪಾಯಿ ಇದ್ದ ಮಿತಿಯನ್ನು 2022ರ ಏಪ್ರಿಲ್‌ನಲ್ಲಿ 12ಕ್ಕೂ, ಮರುವರ್ಷ 10ಕ್ಕೂ ಇಳಿಸಿತು. ಮಿತಿ ಹಾಕಿದರೆ ಬೆಲೆ ನಿಲ್ಲುತ್ತದೆ ನಿಜ, ಕೊರತೆ ನಿಲ್ಲುವುದಿಲ್ಲ. 10 ರೂಪಾಯಿ ಕೊಡಲು ಸಿದ್ಧರಿರುವವರಿಗೂ ಆ ಸಂಜೆ ಬೇಕಾದಷ್ಟು ಸಿಗುವುದಿಲ್ಲ.

ಹಾಗೆಂದು ನಮ್ಮ ಮನೆಯ ಕರೆಂಟೆಲ್ಲ ಈ ಏಲಂನಿಂದ ಬರುತ್ತದೆ ಎಂದು ತಿಳಿಯಬಾರದು. ದೇಶದ ವಿದ್ಯುತ್ತಿನ ಬಹುಪಾಲು ಇಂದಿಗೂ ಇಪ್ಪತ್ತು ಇಪ್ಪತ್ತೈದು ವರ್ಷಗಳ ಖರೀದಿ ಒಪ್ಪಂದಗಳ ಮೂಲಕವೇ ಹರಿಯುತ್ತದೆ, ವಿನಿಮಯ ಕೇಂದ್ರದ ಪಾಲು ಸಣ್ಣದು. ಕರಾವಳಿಯವರಿಗೆ ಆ ಒಪ್ಪಂದಗಳ ಸ್ವರೂಪವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ, ಪಡುಬಿದ್ರಿ ದಾಟುವಾಗ ಕಾಣುವ ಎಲ್ಲೂರಿನ ಕಲ್ಲಿದ್ದಲು ಸ್ಥಾವರದ ಚಿಮಣಿಯೇ ಸಾಕು. ಈ ಸ್ಥಾವರಕ್ಕೆ ಮೊದಲಿನ ಕಥೆ ನಂದಿಕೂರಿನ ಕೊಜೆಂಟ್ರಿಕ್ಸ್‌ನದ್ದು. ಪರಿಸರ ಹೋರಾಟ, ನ್ಯಾಯಾಲಯ, ಮಂಜೂರಾತಿಗಳ ನಡುವೆ ವರ್ಷಗಟ್ಟಲೆ ಎಳೆದಾಡಿ ಆ ಅಮೆರಿಕನ್ ಕಂಪನಿ 1999ರ ಕೊನೆಗೆ ಹಿಂದೆ ಸರಿಯಿತು. ಅದರ ಬಳಿಕ ನಾಗಾರ್ಜುನ ಹೆಸರಿನಲ್ಲಿ ಎದ್ದ ಯೋಜನೆ ಲ್ಯಾಂಕೊ ಕೈಗೆ ಹೋಗಿ, 2015ರಲ್ಲಿ ಅದಾನಿ ಪಾಲಾಯಿತು. 600 ಮೆಗಾವ್ಯಾಟಿನ ಎರಡು ಘಟಕಗಳು, ಒಟ್ಟು 1,200 ಮೆಗಾವ್ಯಾಟ್. ಇಂಧನ ಹಡಗಿನಲ್ಲಿ ಬಂದು ಪಣಂಬೂರಿನ ಬಂದರಿನಲ್ಲಿ ಇಳಿಯುವ ವಿದೇಶಿ ಕಲ್ಲಿದ್ದಲು. ಉತ್ಪಾದನೆಯ ಬಹುಪಾಲು ಮೆಸ್ಕಾಂನಂತಹ ಕರ್ನಾಟಕದ ವಿದ್ಯುತ್ ಸರಬರಾಜು ಕಂಪನಿಗಳಿಗೆ, ಅಂದರೆ ಎಸ್ಕಾಂಗಳಿಗೆ.

ಇಂತಹ ಸ್ಥಾವರದಿಂದ ಕೊಳ್ಳುವ ದರಕ್ಕೆ ಎರಡು ಭಾಗ. ಒಂದು, ಸ್ಥಾವರ ಕಟ್ಟಿದ ಸಾಲ, ಬಡ್ಡಿ, ಸಂಬಳ, ಲಾಭ ಸೇರಿದ ನಿಗದಿತ ಶುಲ್ಕ. ಇನ್ನೊಂದು, ಸುಟ್ಟ ಕಲ್ಲಿದ್ದಲಿಗೆ ತಕ್ಕ ಇಂಧನ ಶುಲ್ಕ. ನಿಗದಿತ ಶುಲ್ಕ ಉತ್ಪಾದನೆಗೆ ಅಲ್ಲ, ಉತ್ಪಾದಿಸಲು ಸಿದ್ಧವಾಗಿರುವುದಕ್ಕೆ ಕೊಡುವ ಹಣ. ಊರಿನ ಎಲ್ಲ ಮದುವೆಗೂ ಬೇಕಾಗುತ್ತದೆಂದು ಒಂದು ಬಸ್ಸನ್ನು ವರ್ಷಕ್ಕೇ ಬಾಡಿಗೆಗೆ ಹಿಡಿದಂತೆ ಇದು. ಮದುವೆ ಇರಲಿ ಇಲ್ಲದಿರಲಿ, ಬಾಡಿಗೆ ಬಾಡಿಗೆಯೇ. ಲೆಕ್ಕಕ್ಕೆಂದು ಹೇಳುವುದಾದರೆ, ಪೂರ್ಣ ಸಾಮರ್ಥ್ಯದಲ್ಲಿ ಓಡಿದಾಗ ಯೂನಿಟ್ಟಿಗೆ ಒಂದೂವರೆ ರೂಪಾಯಿ ಬೀಳುವ ನಿಗದಿತ ಶುಲ್ಕ, ಸ್ಥಾವರ ಕಾಲು ಭಾಗ ಮಾತ್ರ ಓಡಿದರೆ ಯೂನಿಟ್ಟಿಗೆ ಆರು ರೂಪಾಯಿಯಾಗುತ್ತದೆ. ಅಗ್ಗದ್ದು ಮೊದಲು, ದುಬಾರಿಯದು ಆಮೇಲೆ ಎಂಬ ಮೆರಿಟ್ ಆರ್ಡರ್ ಪದ್ಧತಿಯಲ್ಲಿ ಆಮದು ಕಲ್ಲಿದ್ದಲು ಸಹಜವಾಗಿ ಹಿಂದಿನ ಸಾಲಿನಲ್ಲಿ ನಿಲ್ಲುತ್ತದೆ. ಇದರ ಮುಂದೆ ರಾಯಚೂರಿನ ಕಲ್ಲಿದ್ದಲು, ಕೈಗಾದ ಅಣುಶಕ್ತಿ, ಗಾಳಿ, ಬಿಸಿಲು, ನೀರು ಎಲ್ಲವೂ ಇವೆ. ಆದ್ದರಿಂದ «ಸುಮ್ಮನೆ ನಿಂತ ಸ್ಥಾವರಕ್ಕೆ ಕೋಟಿಗಟ್ಟಲೆ ಕೊಡುತ್ತಾರೆ» ಎಂಬ ಸಿಟ್ಟಿನಲ್ಲಿ ನಿಜವೂ ಇದೆ, ಅರ್ಧ ತಪ್ಪೂ ಇದೆ. ಯಾರಿಗೂ ಬೇಡವಾದ ಹೊತ್ತಿನಲ್ಲಿ ಕೊಡುವ ಬಾಡಿಗೆ ನಷ್ಟ. ಬೇರೆ ಯಾವುದೂ ಇಲ್ಲದ ಸಂಜೆ ಏಳಕ್ಕೆ ಅದು ವಿಮೆ. ಯಾವುದು ಎಷ್ಟು ಎಂಬುದನ್ನು ಬಿಡಿಸಿ ಹೇಳುವ ಕೆಲಸವನ್ನು ನಮ್ಮ ದರಪಟ್ಟಿ ಎಂದೂ ಮಾಡಿಲ್ಲ.

ವಿಮೆಯ ಮಾತು ಬಂದಾಗ ಅದರ ಕಂತು ಕಟ್ಟುವವರು ಎಸ್ಕಾಂಗಳ ಗ್ರಾಹಕರಷ್ಟೇ ಅಲ್ಲ ಎನ್ನುವುದನ್ನೂ ಹೇಳಬೇಕು. ಹಾರುಬೂದಿ ಮತ್ತು ಉಪ್ಪಿನ ಹನಿಗಳಿಂದ ತೋಟ, ಗದ್ದೆ, ಬಾವಿ ಹಾಳಾಗುತ್ತಿವೆ ಎಂಬ ಸುತ್ತಲಿನ ಗ್ರಾಮಗಳ ದೂರು ಸ್ಥಾವರದಷ್ಟೇ ಹಳೆಯದು. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ಕಟ್ಟಬೇಕೆಂದು ಆದೇಶಿಸಿತು. ಮಾರುಕಟ್ಟೆಯ ಯಾವ ತುಂಡಿನಲ್ಲೂ ಈ ಬೆಲೆ ಕಾಣಿಸುವುದಿಲ್ಲ. ಸಂಜೆ ಬೆಳಗುವ ದೀಪ ಬೆಂಗಳೂರಿನಲ್ಲಿರಬಹುದು, ಬೂದಿ ಬೀಳುವುದು ಎಲ್ಲೂರಿನಲ್ಲೇ.

ಇಲ್ಲಿಯವರೆಗೆ ದಿನದ ಹೊತ್ತಿನ ಮಾತಾಯಿತು. ಕರಾವಳಿಯಲ್ಲಿ ವರ್ಷಕ್ಕೂ ಹೊತ್ತುಗಳಿವೆ. ಜನವರಿಯಿಂದ ಅಡಿಕೆ ತೋಟಕ್ಕೆ ನೀರು ಹಾಯಿಸುವ ಪಂಪುಗಳು, ಮಾರ್ಚ್‌ನಿಂದ ಫ್ಯಾನು ಎ.ಸಿ.ಗಳು, ಮೀನಿನ ಋತುವಿನುದ್ದಕ್ಕೂ ಐಸ್ ಪ್ಲಾಂಟುಗಳು, ರಾತ್ರಿಯಿಡೀ ಯಕ್ಷಗಾನದ ಆಟ, ದೈವಗಳ ನೇಮ, ಜಾತ್ರೆ ಹೀಗೆ ಮೇ ಕೊನೆಗೆ ಬರುವ ಪತ್ತನಾಜೆಯವರೆಗೆ ಬೇಡಿಕೆ ಏರುತ್ತಲೇ ಇರುತ್ತದೆ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಜೂನ್ 1ರಿಂದ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮಳೆ ಹಿಡಿದ ಮೇಲೆ ತೋಟಕ್ಕೆ ಪಂಪು ಬೇಡ, ಕೋಣೆಗೆ ಎ.ಸಿ. ಬೇಡ. ಬೇಡಿಕೆ ಹೀಗೆ ಮಲಗುವ ಹೊತ್ತಿಗೇ ಶರಾವತಿ ಮತ್ತು ವಾರಾಹಿಗೆ ನೀರು ಬರುತ್ತದೆ, ಚಿತ್ರದುರ್ಗ ಗದಗಗಳ ಗಾಳಿಯಂತ್ರಗಳಿಗೆ ಮುಂಗಾರಿನ ಗಾಳಿ ಸಿಗುತ್ತದೆ. ಜುಲೈ-ಆಗಸ್ಟ್‌ನ ಆಟಿ ತಿಂಗಳಲ್ಲಿ ಆಮದು ಕಲ್ಲಿದ್ದಲನ್ನು ಸುಡುವುದಕ್ಕೆ ಕಾರಣವೇ ಉಳಿಯುವುದಿಲ್ಲ.

ಆದರೆ ಮಳೆ ಕೈಕೊಟ್ಟರೆ ಇದೇ ಲೆಕ್ಕ ತಲೆಕೆಳಗು. 2023 ಅಂಥ ವರ್ಷ. ಮುಂಗಾರು ಸೋತು, ಜಲಾಶಯಗಳು ತುಂಬದೆ, ಮಳೆಗಾಲದಲ್ಲಿ ನಿಲ್ಲಬೇಕಾದ ಕೃಷಿ ಪಂಪುಗಳು ಓಡತೊಡಗಿ ಅಕ್ಟೋಬರ್ ಹೊತ್ತಿಗೆ ರಾಜ್ಯ ಇಕ್ಕಟ್ಟಿಗೆ ಸಿಕ್ಕಿತು. ಸರ್ಕಾರ 2003ರ ವಿದ್ಯುತ್ ಕಾಯ್ದೆಯ 11ನೇ ಕಲಮನ್ನು ಬಳಸಿ, ರಾಜ್ಯದ ಖಾಸಗಿ ಉತ್ಪಾದಕರು ಹೊರಗೆ ಮಾರದೆ ಇಲ್ಲಿಗೇ ಕೊಡಬೇಕೆಂದು ಆದೇಶಿಸಿತು. ಅದರ ಜೊತೆಗೆ ಉತ್ತರ ಪ್ರದೇಶ ಮತ್ತು ಪಂಜಾಬಿನೊಂದಿಗೆ ಕೊಡು-ಕೊಳ್ಳುವಿಕೆಯ ಒಪ್ಪಂದ ಮಾಡಿಕೊಂಡಿತು. ದುಡ್ಡಿಗೆ ಕೊಂಡದ್ದಲ್ಲ, ಚಳಿಗಾಲ, ಬೇಸಗೆಯಲ್ಲಿ ಅವರಿಂದ ಕರೆಂಟು ತಂದು, ನಮ್ಮಲ್ಲಿ ಮಳೆಗಾಲದ ನೀರು ಗಾಳಿ ಇರುವಾಗ ಸ್ವಲ್ಪ ಹೆಚ್ಚೇ ಸೇರಿಸಿ ಹಿಂದಿರುಗಿಸುವುದು. ಪಂಜಾಬಿಗೆ ಭತ್ತದ ನಾಟಿಗೆ ಕರೆಂಟು ಬೇಕಾಗುವುದು ಜೂನ್ ನಂತರ, ನಮಗೆ ಬೇಕಾಗುವುದು ಮಾರ್ಚ್‌ನಲ್ಲಿ. ಹಿಂದೆ ಒಂದು ಮನೆಯ ಅಕ್ಕಿ ಮುಡಿ ಇನ್ನೊಂದು ಮನೆಗೆ ಹೋಗಿ ಕೊಯ್ಲಿನ ನಂತರ ಮರಳುತ್ತಿತ್ತಲ್ಲ, ಅದೇ ವ್ಯವಹಾರ. ವಿದ್ಯುತ್ತಿನ ನಿಜವಾದ ಬೆಲೆ ಯೂನಿಟ್ಟಿನಲ್ಲಿಲ್ಲ, ಋತುವಿನಲ್ಲಿದೆ ಎಂಬುದನ್ನು ಅಧಿಕಾರಿಗಳು ಚೆನ್ನಾಗಿ ಬಲ್ಲರು ಎನ್ನುವುದಕ್ಕೆ ಈ ಒಪ್ಪಂದಗಳಿಗಿಂತ ಬೇರೆ ಸಾಕ್ಷಿ ಬೇಡ. 2024ರಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 17,000 ಮೆಗಾವ್ಯಾಟ್ ದಾಟಿತು, ಮರುವರ್ಷ 18,000ವನ್ನೂ ದಾಟಿತು.

ಈ ಏರುವ ಬೇಡಿಕೆಗೆ ಹಗಲಿನ ಉತ್ತರ ಸಿಕ್ಕಿದೆ, ಅದರಲ್ಲಿ ಸಂಶಯವಿಲ್ಲ. ಪಾವಗಡದ ಬರಡು ನೆಲದಲ್ಲಿ ರೈತರಿಂದ ಗೇಣಿಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ನಿಂತಿದೆ. 2010ರ ಸುಮಾರಿಗೆ ಯೂನಿಟ್ಟಿಗೆ 10 ರೂಪಾಯಿ ಮೀರಿದ್ದ ಸೌರ ವಿದ್ಯುತ್ತಿನ ದರ 2020ರ ಡಿಸೆಂಬರ್‌ನಲ್ಲಿ ಗುಜರಾತಿನ ಒಂದು ಹರಾಜಿನಲ್ಲಿ 1.99 ರೂಪಾಯಿಗೆ ಇಳಿಯಿತು. 2025ರಲ್ಲಿ ದೇಶದ ಸ್ಥಾಪಿತ ಸಾಮರ್ಥ್ಯದ ಅರ್ಧ ಭಾಗ ಕಲ್ಲಿದ್ದಲು, ತೈಲ, ಅನಿಲಗಳನ್ನು ಬಿಟ್ಟ ಮೂಲಗಳದ್ದಾಯಿತು. ಸಾಮರ್ಥ್ಯದ ಅರ್ಧ ಎಂದರೆ ಉತ್ಪಾದನೆಯ ಅರ್ಧ ಅಲ್ಲ ಎಂಬುದನ್ನು ಪತ್ರಿಕೆಗಳ ತಲೆಬರಹಗಳು ಅನೇಕ ಸಲ ಮರೆಯುತ್ತವೆ. ಯೂನಿಟ್‌ಗಳ ಲೆಕ್ಕದಲ್ಲಿ ಇನ್ನೂ ಹೆಚ್ಚಿನ ಪಾಲು ಕಲ್ಲಿದ್ದಲಿನದೇ. ರಾಜ್ಯ ಮಾಡಿದ ಒಂದು ಜಾಣತನದ ಕೆಲಸವೆಂದರೆ ಕೃಷಿ ಪಂಪ್‌ಸೆಟ್ಟುಗಳ ತ್ರೀಫೇಸ್ ಪೂರೈಕೆಯ ಬಹುಭಾಗವನ್ನು ರಾತ್ರಿಯಿಂದ ಹಗಲಿಗೆ ತಂದದ್ದು. ಯಾವ ರೈತನಿಗೂ ದರದ ಪಾಠ ಹೇಳದೆ, ಫೀಡರ್ ಸ್ವಿಚ್ಚಿನಲ್ಲೇ ಬೇಡಿಕೆಯನ್ನು ಬಿಸಿಲಿನ ಹೊತ್ತಿಗೆ ಸರಿಸಿದರು. ರಾತ್ರಿ ಟಾರ್ಚ್ ಹಿಡಿದು ಪಂಪ್ ಶೆಡ್ಡಿಗೆ ಹೋಗಿ ಹಾವಿನ ಭಯದಲ್ಲಿ ಸ್ವಿಚ್ ಹಾಕಿದವರಿಗೆ ಇದು ಅರ್ಥಶಾಸ್ತ್ರಕ್ಕಿಂತ ದೊಡ್ಡ ಉಪಕಾರ.

ಕೈಗಾರಿಕೆಗಳ ವಿಷಯದಲ್ಲಿ ಅದೇ ಜಾಣತನ ತಡವಾಗಿ ಬಂತು. ಹೆಚ್ಚಿನ ವೋಲ್ಟೇಜಿನಲ್ಲಿ ಕರೆಂಟು ಪಡೆಯುವ ಎಚ್‌ಟಿ ಗ್ರಾಹಕರಿಗೆ ಇದ್ದ ಹಳೆಯ ಪದ್ಧತಿಯಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಯೂನಿಟ್ಟಿಗೆ 1 ರೂಪಾಯಿ ರಿಯಾಯಿತಿ, ಸಂಜೆ 6ರಿಂದ 10ರವರೆಗೆ 1 ರೂಪಾಯಿ ಹೆಚ್ಚು. ರಾತ್ರಿ ಕಲ್ಲಿದ್ದಲು ಘಟಕಗಳನ್ನು ಆರಿಸಲಾಗದೆ ಕರೆಂಟು ಮಿಗುತ್ತಿದ್ದ ಕಾಲಕ್ಕೆ ಅದು ಸರಿಯಾಗಿತ್ತು. ಈಗ ಮಿಗುವುದು ಮಧ್ಯಾಹ್ನ. 2023ರಲ್ಲಿ ಕೇಂದ್ರ ಸರ್ಕಾರ ತಿದ್ದಿದ ಗ್ರಾಹಕರ ಹಕ್ಕುಗಳ ನಿಯಮ ಸೌರ ಗಂಟೆಗಳ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇಕಡ 20 ಕಡಿಮೆ ಇರಬೇಕು, ಗರಿಷ್ಠ ಬೇಡಿಕೆಯ ಗಂಟೆಗಳಲ್ಲಿ ವಾಣಿಜ್ಯ ಮತ್ತು ಕೈಗಾರಿಕೆಗೆ ಕನಿಷ್ಠ 1.2 ಪಟ್ಟು, ಕೃಷಿಯನ್ನು ಬಿಟ್ಟು ಉಳಿದವರಿಗೆ 1.1 ಪಟ್ಟು ಇರಬೇಕು ಎನ್ನುತ್ತದೆ. ಮನೆಗಳಿಗೂ ಅದು ಬರಬೇಕಾದರೆ ಹೊತ್ತನ್ನು ಗುರುತಿಸುವ ಸ್ಮಾರ್ಟ್ ಮೀಟರ್ ಬೇಕು. ಮೀಟರಿನ ಬೆಲೆ ಯಾರು ಕೊಡಬೇಕೆಂಬ ಜಗಳದಲ್ಲಿ ಅದು ಏಕೆ ಬೇಕೆಂಬ ಪ್ರಶ್ನೆ ಕಳೆದುಹೋಗಿದೆ.

ಮನೆಗಳ ಮಾತಿಗೆ ಬಂದರೆ ಗೃಹಜ್ಯೋತಿಯನ್ನು ಬಿಟ್ಟು ಮಾತನಾಡುವಂತಿಲ್ಲ. 2023ರ ಜುಲೈನಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ 2022–23ರ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿ, 200 ಯೂನಿಟ್ ಮೀರದಂತೆ ಉಚಿತ. ತನ್ನ ಪಾಲು ಮೀರಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್‌ಗಳಿಗೆ ಮಾತ್ರ ಹಣ. 200 ಮೀರಿದರೆ ಪೂರ್ತಿ ಬಿಲ್ಲು. ಬಡವರ ಮನೆಗೆ ಇದರಿಂದ ಆದ ನೆಮ್ಮದಿಯನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಬಿಲ್ಲು ಕಟ್ಟಲಾಗದೆ ಸಂಪರ್ಕ ಕಡಿಸಿಕೊಳ್ಳುವ ಅವಮಾನ ಏನೆಂದು ಬಲ್ಲವರು ಹಗುರವಾಗಿ ಮಾತಾಡಲಾರರು. ನನ್ನ ತಕರಾರು ಯೋಜನೆಯ ಆಕಾರದ ಬಗ್ಗೆ. ಪೂರ್ತಿ 200ರ ಪಾಲು ಸಿಕ್ಕ ಮನೆಗೆ 199ನೇ ಯೂನಿಟ್ಟಿಗೆ ಬೆಲೆಯೇ ಇಲ್ಲ, 201ನೇ ಯೂನಿಟ್ಟಿಗೆ ಸಾವಿರ ರೂಪಾಯಿಗೂ ಮೀರಿದ ಬೆಲೆ. ಈ ಎರಡರ ನಡುವೆ ಮಧ್ಯಾಹ್ನ, ಸಂಜೆ ಎಂಬ ಭೇದಕ್ಕೆ ಜಾಗವೇ ಇಲ್ಲ. ಅಗ್ಗದ ಹೊತ್ತಿನಲ್ಲಿ ಎರಡು ಯೂನಿಟ್ ಹೆಚ್ಚು ಬಳಸಿದ ಮನೆಗೆ ದಂಡ, ದುಬಾರಿ ಹೊತ್ತಿನಲ್ಲೇ 200ನ್ನೂ ಬಳಸಿದ ಮನೆಗೆ ಬಹುಮಾನ.

ಅದರ ಮೇಲೆ ಇನ್ನೊಂದು ಸರ್ಕಾರದ ಇನ್ನೊಂದು ಯೋಜನೆ ಬಂದು ಕೂತಿದೆ. 2024ರ ಫೆಬ್ರುವರಿಯಲ್ಲಿ ಘೋಷಣೆಯಾದ ಪಿಎಂ ಸೂರ್ಯಘರ್ ಯೋಜನೆ ಒಂದು ಕೋಟಿ ಮನೆಗಳ ಮಾಡಿನ ಮೇಲೆ ಸೌರ ಫಲಕ ಹಾಕಿಸುವ ಗುರಿ ಇಟ್ಟುಕೊಂಡು, 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಕೊಡುತ್ತದೆ. ಒಂದು ಸರ್ಕಾರ ಬಿಲ್ಲನ್ನೇ ಸೊನ್ನೆ ಮಾಡಿದ ಮನೆಗೆ, ಬಿಲ್ಲು ಉಳಿಸಿಕೊಳ್ಳಿ ಎಂದು ಇನ್ನೊಂದು ಸರ್ಕಾರ ಸಬ್ಸಿಡಿ ಕೊಡುತ್ತಿದೆ. ಸಬ್ಸಿಡಿ ಕಳೆದು ಉಳಿದ ಲಕ್ಷದ ಹತ್ತಿರದ ಹಣವನ್ನು ಕೈಯಿಂದ ಹಾಕಿ, ಇಲ್ಲದ ಬಿಲ್ಲನ್ನು ಉಳಿಸುವುದಕ್ಕೆ ಯಾರು ಮುಂದೆ ಬರುತ್ತಾರೆ? ಬರುವವರು 200 ಯೂನಿಟ್ ಮೀರಿದ ದೊಡ್ಡ ಮನೆಯವರು. ಅವರು ಹೊರಹೋದಷ್ಟೂ, ಉಳಿದವರಿಗೆ ಕಡಿಮೆ ದರದಲ್ಲಿ ಕೊಡಲು ಎಸ್ಕಾಂಗೆ ಇದ್ದ ಅಡ್ಡ-ಸಬ್ಸಿಡಿಯ ಮೂಲ ಬತ್ತುತ್ತದೆ. ಬೈಕಂಪಾಡಿಯ ಕೈಗಾರಿಕೆಯೊಂದು 2022ರ ಹಸಿರು ಮುಕ್ತ ಪ್ರವೇಶ ನಿಯಮದಡಿ 100 ಕಿಲೋವ್ಯಾಟ್ ಬೇಡಿಕೆಯಿದ್ದರೂ ಸಾಕು, ದೂರದ ಸೌರ ಸ್ಥಾವರದಿಂದ ನೇರವಾಗಿ ಕೊಳ್ಳಬಹುದು. ಅದೂ ಅದೇ ದಾರಿ.

ಕರಾವಳಿಯ ಮಾಡಿಗೆ ಇನ್ನೊಂದು ತೊಡಕಿದೆ. ನೆಟ್ ಮೀಟರ್ ಎಂದರೆ ಮನೆಯವರು ಮಧ್ಯಾಹ್ನ ಗ್ರಿಡ್ಡಿಗೆ ಕೊಟ್ಟ ಒಂದು ಯೂನಿಟ್ಟಿಗೆ ಬದಲಾಗಿ ಸಂಜೆ ಒಂದು ಯೂನಿಟ್ ವಾಪಸು ಪಡೆಯುವುದು. ಅಗ್ಗದ ಭೂತಾಯಿ ಮೀನು ಕೊಟ್ಟು ದುಬಾರಿ ಅಂಜಲ್ ತೂಕಕ್ಕೆ ತೂಕ ಪಡೆದಂತೆ. ಹಾಕಿಸಿಕೊಂಡವರಿಗೆ ಲಾಭ, ಮೆಸ್ಕಾಂಗೆ ವ್ಯತ್ಯಾಸದ ಹೊರೆ. ಒಂದು ಕಿಲೋವ್ಯಾಟ್ ಫಲಕ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಆಸುಪಾಸು ಕೊಡುತ್ತದೆ. ಜುಲೈನಲ್ಲಿ ವಾರಗಟ್ಟಲೆ ಮೋಡ ಬಿಡದಿದ್ದಾಗ ಅದರ ಸಣ್ಣ ಭಾಗವಷ್ಟೇ. ಆದರೂ ಇಡೀ ರಾಜ್ಯದ ಲೆಕ್ಕದಲ್ಲಿ ಇದು ಅಷ್ಟು ದೊಡ್ಡ ದೋಷವಲ್ಲ ಎಂದು ನನಗನಿಸುತ್ತದೆ, ಏಕೆಂದರೆ ನಮ್ಮ ಮಾಡಿಗೆ ಬಿಸಿಲಿಲ್ಲದ ತಿಂಗಳಲ್ಲೇ ನಮ್ಮ ನದಿಗೆ ನೀರಿರುತ್ತದೆ.

ಮಧ್ಯಾಹ್ನದ ಯೂನಿಟ್ಟನ್ನು ಸಂಜೆಯವರೆಗೆ ಕಾಯ್ದಿಡುವುದು ಹೇಗೆ ಎಂಬುದೇ ಇನ್ನು ಮುಂದಿನ ಅರ್ಥಶಾಸ್ತ್ರ. ಮಲೆನಾಡಿನ ಜಲವಿದ್ಯುತ್ತು ಈವರೆಗೆ ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಾ ಬಂದಿದೆ. ಶರಾವತಿಯ 1,035 ಮೆಗಾವ್ಯಾಟ್ ಮತ್ತು ಹೊಸಂಗಡಿಯ ನೆಲದಡಿಯ ವಾರಾಹಿ ವಿದ್ಯುದಾಗಾರದ 460 ಮೆಗಾವ್ಯಾಟ್ ಕೆಲವೇ ನಿಮಿಷಗಳಲ್ಲಿ ಏಳಬಲ್ಲವು, ಮಲಗಬಲ್ಲವು. ಕಲ್ಲಿದ್ದಲು ಘಟಕಕ್ಕೆ ಅದು ಸಾಧ್ಯವಿಲ್ಲ. ಕಾಗದದ ಮೇಲೆ ಅತ್ಯಂತ ಅಗ್ಗ ಎಂದು ಕಾಣುವ ಈ ನೀರಿನ ನಿಜವಾದ ಬೆಲೆ, ಅದನ್ನು ಬಳಸದೆ ಉಳಿಸಿಕೊಂಡಿದ್ದರೆ ಯಾವ ದುಬಾರಿ ಸಂಜೆಯನ್ನು ತಪ್ಪಿಸಬಹುದಿತ್ತೋ ಆ ಸಂಜೆಯ ಬೆಲೆ. ಜನವರಿಯ ಮಧ್ಯಾಹ್ನ ಬಿಟ್ಟ ನೀರು ಮೇ ತಿಂಗಳ ಮುಸ್ಸಂಜೆಗೆ ಸಿಗುವುದಿಲ್ಲ.

ಪಂಪ್ಡ್ ಸ್ಟೋರೇಜ್ ಇದನ್ನೇ ದಿನದಿನವೂ ಮಾಡುವ ಉಪಾಯ. ಗೇರುಸೊಪ್ಪೆಯ ಜಲಾಶಯದ ನೀರನ್ನು ಹಗಲಿನ ಅಗ್ಗದ ಕರೆಂಟಿನಲ್ಲಿ ತಲಕಳಲೆಗೆ ಎತ್ತಿ, ಸಂಜೆ ಕೆಳಗೆ ಬಿಟ್ಟು 2,000 ಮೆಗಾವ್ಯಾಟ್ ಪಡೆಯುವುದು ಶರಾವತಿ ಯೋಜನೆಯ ಲೆಕ್ಕ. ಎತ್ತುವಾಗ ಇಳಿಸುವಾಗ ನಷ್ಟವಿರುವುದರಿಂದ ಸಂಜೆ ಒಂದು ಯೂನಿಟ್ ಬೇಕಾದರೆ ಹಗಲು ಒಂದೂಕಾಲರಿಂದ ಒಂದೂಮೂರನೇ ಒಂದು ಯೂನಿಟ್ ಸುರಿಯಬೇಕು. ಹಗಲಿನದ್ದು ಎರಡೂವರೆ ರೂಪಾಯಿಯಾದರೆ ಸಂಜೆಯ ಯೂನಿಟ್ಟಿಗೆ ಬೀಳುವ ವಿದ್ಯುತ್ ವೆಚ್ಚ ಮೂರೂಕಾಲರ ಆಸುಪಾಸು, ಅದರ ಮೇಲೆ ಕಟ್ಟಿದ ಖರ್ಚು. 10 ರೂಪಾಯಿಯ ಸಂಜೆಗೆ ಹೋಲಿಸಿದರೆ ಲಾಭದ ಬಾಬತ್ತು. ಆದರೆ ಸುರಂಗ, ರಸ್ತೆ, ಮಣ್ಣು ಸುರಿಯುವ ಜಾಗ ಎಲ್ಲ ಸಿಂಗಳೀಕಗಳ ಅಭಯಾರಣ್ಯದೊಳಗೆ. ಈ ಹೋಲಿಕೆಯಲ್ಲಿ ಈಗ ಮೂರನೆಯ ಸ್ಪರ್ಧಿಯೂ ಇದೆ: ಬ್ಯಾಟರಿ. 2022ರ ಹರಾಜಿನಲ್ಲಿ ಮೆಗಾವ್ಯಾಟಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ಮೀರಿದ್ದ ಎರಡು ಗಂಟೆಯ ಬ್ಯಾಟರಿಯ ಬಾಡಿಗೆ 2025ರ ಹರಾಜುಗಳಲ್ಲಿ 3 ಲಕ್ಷಕ್ಕಿಂತ ಕೆಳಗೆ ಬಂದಿದೆ. ಮುಗಿಯಲು ಹಲವು ವರ್ಷ ಬೇಕಾಗುವ, ಮುರಿದ ಕಾಡು ಮತ್ತೆ ಬಾರದ ಯೋಜನೆಯೊಂದನ್ನು, ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತಿರುವ ಪರ್ಯಾಯ ಎದುರಿಗಿರುವಾಗ ಆತುರದಿಂದ ಹಿಡಿಯುವುದು ಪರಿಸರದ ದೃಷ್ಟಿಯಿಂದ ಮಾತ್ರವಲ್ಲ, ಬರಿಯ ಹಣದ ದೃಷ್ಟಿಯಿಂದಲೂ ನನಗೆ ಸರಿ ಕಾಣುವುದಿಲ್ಲ. ಇನ್ನೊಂದು ಎಲ್ಲೂರು ಆಗಿಬಿಡುವ ಅಪಾಯ ಅದಕ್ಕಿದೆ: ನಲವತ್ತು ವರ್ಷದ ನಿಗದಿತ ಶುಲ್ಕ, ಹತ್ತು ವರ್ಷದ ಉಪಯೋಗ.

ಹೊತ್ತುಗಳನ್ನು ಬೆಸೆಯುವ ಇನ್ನೊಂದು ಉಪಾಯ ತಂತಿ. ಒಂದು ಕಡೆ ಮಿಕ್ಕದ್ದನ್ನು ಇನ್ನೊಂದು ಕಡೆಗೆ ಒಯ್ದರೆ ಎಲ್ಲರಿಗೂ ಅಗ್ಗ. ಲೆಕ್ಕ ಸರಿಯಾಗಿಯೇ ಇದೆ. ಎಲ್ಲೂರಿನಿಂದ ಕಾಸರಗೋಡಿಗೆ ಹೋಗುವ 400 ಕಿಲೋವೋಲ್ಟ್ ಮಾರ್ಗಕ್ಕೆ ಉಡುಪಿ ಮತ್ತು ದಕ್ಷಿಣ ಕನ್ನಡದ ಕೃಷಿಕರು ಅಡ್ಡ ನಿಂತದ್ದನ್ನು ಅಭಿವೃದ್ಧಿ ವಿರೋಧವೆಂದು ಕರೆದವರು ಆ ಲೆಕ್ಕದ ಇನ್ನೊಂದು ಸಾಲನ್ನು ಓದಿಲ್ಲ. ಇಷ್ಟು ವೋಲ್ಟೇಜಿನ ತಂತಿಯ ಕೆಳಗೆ ಸುಮಾರು 46 ಮೀಟರ್ ಅಗಲದ ಪಟ್ಟಿಯಲ್ಲಿ ಎತ್ತರದ ಮರ ಇರುವಂತಿಲ್ಲ. ಒಂದು ಕಿಲೋಮೀಟರಿಗೆ 11 ಎಕರೆಗೂ ಹೆಚ್ಚಾಯಿತು. ಬಯಲುಸೀಮೆಯಲ್ಲಿ ಜೋಳವೋ ಶೇಂಗಾವೋ ತಂತಿಯ ಕೆಳಗೂ ಬೆಳೆಯುತ್ತದೆ. ಅಡಿಕೆ, ತೆಂಗು ಬೆಳೆಯುವುದಿಲ್ಲ. 2024ರ ಜೂನ್‌ನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಗೋಪುರದ ಬುಡಕ್ಕೆ ಭೂಮಿಯ ಬೆಲೆಯ ಶೇಕಡ 200, ಗ್ರಾಮೀಣ ಪ್ರದೇಶದ ತಂತಿಪಟ್ಟಿಗೆ ಶೇಕಡ 30 ಪರಿಹಾರವಿದೆ. ಹಿಂದಿನ ಶೇಕಡ 85 ಮತ್ತು 15ಕ್ಕಿಂತ ಇದು ಬಹಳ ಮೇಲು. ಆದರೂ ಶೇಕಡ 30 ಎಂಬ ಸಂಖ್ಯೆಯ ಹಿಂದೆ ಭೂಮಿಯ ಉಪಯೋಗ ಅಷ್ಟೇ ಕಡಿಮೆಯಾಗುತ್ತದೆ ಎಂಬ ಊಹೆ ಇದೆ. ಮರಕ್ಕೆ ಬೇರೆಯಾಗಿ ಹಣ ಕೊಟ್ಟರೂ, ನಾಲ್ಕು ತಲೆಮಾರಿನ ತೋಟವನ್ನು ಕಡಿದ ಮೇಲೆ ಆ ಎಕರೆಯಲ್ಲಿ ಉಳಿಯುವ ಆದಾಯ ಶೇಕಡ 70 ಅಲ್ಲ. ಜಾಗದವರು ಒಪ್ಪದಿದ್ದರೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಬಳಸಿ ತಂತಿ ಎಳೆಯಬಹುದು. ಟೆಲಿಗ್ರಾಫ್ 2013ರಲ್ಲೇ ನಿಂತುಹೋಯಿತು, ಅದರ ಅಧಿಕಾರ ಮಾತ್ರ ತೋಟದ ಬೇಲಿ ದಾಟುತ್ತಲೇ ಇದೆ.

ಇಷ್ಟೆಲ್ಲ ದೊಡ್ಡ ಲೆಕ್ಕದ ನಡುವೆ, ಕರಾವಳಿಯ ಮನೆಯಲ್ಲಿ ಕರೆಂಟು ಹೋಗುವುದು ಸಾಮಾನ್ಯವಾಗಿ ಉತ್ಪಾದನೆಯ ಕೊರತೆಯಿಂದ ಅಲ್ಲ. ಮೊದಲ ಮಳೆಗೆ ಕೊಂಬೆ ಮುರಿದು ತಂತಿಯ ಮೇಲೆ ಬೀಳುತ್ತದೆ, ಕಂಬ ವಾಲುತ್ತದೆ, ಮಿಂಚಿಗೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಸುರಿಯುವ ಮಳೆಯಲ್ಲಿ ಏಣಿ ಹೊತ್ತು ಗುಡ್ಡ ಹತ್ತುವ ಲೈನ್‌ಮ್ಯಾನ್‌ಗೆ ವಿನಿಮಯ ಕೇಂದ್ರದ ದರದಿಂದ ಆಗಬೇಕಾದ್ದೇನೂ ಇಲ್ಲ. ಮೆಸ್ಕಾಂ ವ್ಯಾಪ್ತಿಯ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ, ಚಿಕ್ಕಮಗಳೂರು ನಾಲ್ಕೂ ಮಳೆ ಮತ್ತು ಮರದ ಜಿಲ್ಲೆಗಳು. ತಂತಿ, ಕಂಬ, ಜನ ಇವುಗಳ ಖರ್ಚು ನೀವು ಯೂನಿಟ್ ಬಳಸಿದರೂ ಬಳಸದಿದ್ದರೂ ಇದ್ದದ್ದೇ. ಹಾಗಾಗಿ ಬಿಲ್ಲಿನಲ್ಲಿ ನಿಗದಿತ ಶುಲ್ಕ ಏರುತ್ತಾ ಹೋಗುವುದು ಈ ಪರಿವರ್ತನೆಯ ಕಾಲದ ಲಕ್ಷಣ. ನಿವೃತ್ತ ನೌಕರರ ಪಿಂಚಣಿ ಮತ್ತು ಗ್ರಾಚುಟಿಗೆಂದು 2025ರ ಏಪ್ರಿಲ್‌ನಿಂದ ಯೂನಿಟ್ಟಿಗೆ 36 ಪೈಸೆ ಸೇರಿಸಿದ್ದು ಮಾತ್ರ ಈ ತರ್ಕಕ್ಕೆ ವಿರುದ್ಧ. ಹಿಂದಿನ ದಶಕಗಳ ಬಾಕಿಯನ್ನು ಇಂದಿನ ಯೂನಿಟ್ಟಿಗೆ ಕಟ್ಟಿದರೆ, ಬಳಕೆ ಹೆಚ್ಚಲೆಂದು ನಾವು ಬಯಸಬೇಕಾದ ಮಧ್ಯಾಹ್ನದ ಯೂನಿಟ್ಟೂ ಅಷ್ಟೇ ದುಬಾರಿಯಾಗುತ್ತದೆ.

ಹಾಗಾದರೆ ಹೊತ್ತಿನ ದರ ಬಂದರೆ ಅದರಿಂದ ಯಾರ ನಡವಳಿಕೆ ಬದಲಾಗುತ್ತದೆ? ಎಲ್ಲರದ್ದೂ ಅಲ್ಲ. ಬೀಡಿ ಕಟ್ಟಿ ಸಂಜೆ ಅಡುಗೆಗೆ ನಿಲ್ಲುವ ಮನೆಗೆ ಏಳು ಗಂಟೆಯ ದೀಪವನ್ನು ಮಧ್ಯಾಹ್ನಕ್ಕೆ ಸರಿಸಲು ಆಗುವುದಿಲ್ಲ, ಅಂಥ ಮನೆಗೆ ಸಂಜೆಯ ಹೆಚ್ಚುವರಿ ದರ ಬರಿಯ ಶಿಕ್ಷೆ. ಸರಿಸಬಲ್ಲವರು ಬೇರೆ ಇದ್ದಾರೆ: ನೀರಿನ ಟ್ಯಾಂಕ್ ತುಂಬಿಸುವ ವಸತಿ ಸಮುಚ್ಚಯಗಳು, ನಗರಪಾಲಿಕೆಗೆ ನೀರೆತ್ತುವ ತುಂಬೆಯ ಪಂಪುಗಳು, ಕಾರು ಸ್ಕೂಟರು ಚಾರ್ಜ್ ಮಾಡುವವರು, ಶೀತಲಗೃಹಗಳು. ಎಲ್ಲರಿಗಿಂತ ಮೊದಲು ಐಸ್ ಪ್ಲಾಂಟುಗಳು. ಮಧ್ಯಾಹ್ನದ ಸೋವಿ ಕರೆಂಟಿನಲ್ಲಿ ಮಾಡಿದ ಐಸ್ ಗಡ್ಡೆಗೆ ಸಂಜೆ ಆರರಿಂದ ಹತ್ತರವರೆಗೆ ಕಂಪ್ರೆಸರ್ ಬೇಡ, ದಪ್ಪ ಗೋಡೆಯ ಕೋಣೆ ಸಾಕು. ನಸುಕಿನಲ್ಲಿ ದೋಣಿಗೆ ತುಂಬಲು ಅದು ಸಿದ್ಧವಿರುತ್ತದೆ. ವಿದ್ಯುತ್ತಿಗೆ ಐಸ್ ಇಲ್ಲ ಎಂದು ಮೇಲೆ ಹೇಳಿದೆ. ಮಲ್ಪೆಯಲ್ಲಿ ಅದು ಅಕ್ಷರಶಃ ಇದೆ. ಹತ್ತು ತಿಂಗಳು ಅದು ಕೆಲಸ ಮಾಡುತ್ತದೆ, ಕರೆಂಟು ಮಿಗುವ ಜೂನ್, ಜುಲೈಗಳಲ್ಲಿ ದೋಣಿಗಳ ಜೊತೆಗೇ ಬಿಡುವು ಪಡೆಯುತ್ತದೆ. ಬ್ಯಾಟರಿ ಖರೀದಿಗೆ ಟೆಂಡರ್ ಕರೆಯುವ ಮೊದಲು ದರಪಟ್ಟಿಯಲ್ಲಿ ಎರಡು ಸಾಲು ಬದಲಿಸಿ, ಈ ಪ್ಲಾಂಟುಗಳವರು ಮಧ್ಯಾಹ್ನ ಎಷ್ಟು ಹೆಚ್ಚು ಗಡ್ಡೆ ಕಟ್ಟುತ್ತಾರೆ ಎಂದು ಒಂದು ಋತು ನೋಡುವುದಕ್ಕೆ ಮೆಸ್ಕಾಂಗಾಗಲಿ ನಿಯಂತ್ರಣ ಆಯೋಗಕ್ಕಾಗಲಿ ಹೆಚ್ಚೇನೂ ಖರ್ಚಾಗದು.